ಬಡ್ತಿಯ ಆರ್ಕಿಡ್

ದ್ರವಗೊಬ್ಬರದ ಹೊಸ ಪ್ಲಾಸ್ಟಿಕ್ ಕೊಳವೆಯ ತುದಿ ಕತ್ತರಿಸಿ, ತಲೆಕೆಳಗು ಮಾಡಿ, ಗಿಲ್‌ಜುನ್ ಅದನ್ನು ಆರ್ಕಿಡ್ ಕುಂಡಕ್ಕೆ ಚುಚ್ಚಿದ. ಒಳಗಿನ ಹಸಿರು ನೀರು ಒಂದು ಗುಳ್ಳೆ ಬಿಟ್ಟು ಇಳಿಯತೊಡಗಿತು. ಸುತ್ತ ಹಳೆಯ ಕೊಳವೆಗಳು ಖಾಲಿಯಾಗಿ ನಿಂತಿದ್ದವು.

"ಸರ್, ಅದಕ್ಕೆ ಹಸಿವಿಲ್ಲ ಅನ್ಸತ್ತೆ," ಎಂದಳು ಎದುರಿನ ಮೇಜಿನ ಬೋರಾ. "ಐಸಿಯು ಪೇಷಂಟ್ ಥರ ಕಾಣ್ತಿದೆ."

"ಹಳದಿ ಆಗ್ತಿದೆಯಲ್ಲ."

"ಯಾರು, ನೀವಾ?"

ಅವನು ನಗಲಿಲ್ಲ. ಮೊದಲು ಇದೇ ಕಚೇರಿಯಲ್ಲಿದ್ದ ಪ್ಯೋ ಮಧ್ಯಾಹ್ನ ಬರುವವನಿದ್ದ. ಗಿಡ ಕಳಿಸಿದವನು ಅವನೇ. ಕುಂಡಕ್ಕೆ ಕಟ್ಟಿದ ರಿಬ್ಬನ್ನಿನ ಮೇಲೆ ಅವನ ಹೆಸರೇ ಇತ್ತು. ಗಿಲ್‌ಜುನ್‌ನ ಬಡ್ತಿಗೆ ಅಭಿನಂದನೆಯಾಗಿ ಬಂದ ಉಳಿದ ಆರ್ಕಿಡ್‌ಗಳೆಲ್ಲ ಜೆರಾಕ್ಸ್ ಯಂತ್ರದ ಹಿಂದೆ ಸತ್ತಿದ್ದವು. ಯಾರೂ ಗಮನಿಸಿರಲಿಲ್ಲ. ಇದು ಮಾತ್ರ ಸಾಯಕೂಡದು. ಇದು ಬದುಕಿದ್ದರೆ ಪ್ಯೋನ ಮುಖ ನೋಡಬಹುದು.

ಗಿಲ್‌ಜುನ್ ಏನೂ ಚಾಡಿ ಹೇಳಿರಲಿಲ್ಲ. ಬಡ್ತಿಗೆ ಮುಂಚೆ ಒಂದು ರಾತ್ರಿ ಹೋಟೆಲಿನಲ್ಲಿ, ಕಂಪನಿಯ ನಿರ್ದೇಶಕರು ಊಟದ ಮೇಜಿನ ಒಲೆಯ ಮೇಲೆ ಮಾಂಸ ಮಗುಚುತ್ತ, "ನಿಮ್ಮಿಬ್ಬರಲ್ಲಿ ಒಬ್ಬರೇ ಉಳೀಬೇಕು. ನೀನೇ ಹೇಳು," ಎಂದಿದ್ದರು. "ಪ್ಯೋ ಅವರ ಹೆಂಡತಿಗೆ ಕೆಲಸ ಇದೆ," ಎಂದಿದ್ದ, ಅಷ್ಟೆ. ನಿಜವನ್ನೇ ಹೇಳಿದ್ದ. ನಿರ್ದೇಶಕರು ಒಳ್ಳೆಯ ತುಂಡೊಂದನ್ನು ಅವನ ತಟ್ಟೆಗೆ ಹಾಕಿದರು. ಅವನು ತಿಂದ.

ಪ್ಯೋ ಬಂದ, ಬೆಟ್ಟ ಹತ್ತುವವರ ಜಾಕೆಟ್ ತೊಟ್ಟು.

"ಸಾಹೇಬ್ರು ಬಿಜಿನಾ?"

"ಅಣ್ಣ, ಹಾಗೆ ಕರೀಬೇಡಿ."

"ನಾನೆಲ್ಲಿ ಕರೆದೆ? ಕುರ್ಚಿ ಕರೆಸ್ತಿದೆ."

"ಬೆಟ್ಟಕ್ಕೆ ಹೋಗಿದ್ರಾ?"

"ದಿನಾ ಹೋಗ್ತೀನಿ. ಕೆಲಸದ ದಿನಾನೂ ಅಲ್ಲಿ ನಮ್ಮಂಥ ಕೆಲಸ ಹೋದೋರದೇ ಗುಂಪು. ಎಲ್ಲರ ಕಾಲಲ್ಲೂ ಹೊಸ ಬೂಟು."

ಪ್ಯೋನ ಕಣ್ಣು ಕುಂಡದ ಮೇಲೆ ನಿಂತಿತು. "ಇಷ್ಟೊಂದು ತಿನ್ನಿಸ್ತಿದ್ದೀಯಾ?"

"ಸಾಯಬಾರದು ಅಂತ."

"ಹೂಂ." ಪ್ಯೋ ಬುಡಕ್ಕೆ ಎರಡು ಬೆರಳು ಹಾಕಿ ಎತ್ತಿದ. ಗಿಡ ಯಾವ ತಕರಾರೂ ಇಲ್ಲದೆ ಮೇಲೆ ಬಂತು. ಬೇರುಗಳು ಒದ್ದೆ ನೂಲಿನಂತೆ ಕಪ್ಪಾಗಿ ಜೋತಿದ್ದವು. ಕೆಳಗೆ ಮಣ್ಣಿರಲಿಲ್ಲ. ತಳದವರೆಗೂ ಥರ್ಮೊಕೋಲ್ ಚೂರುಗಳು. ಅವುಗಳ ನಡುವೆ, ಇಷ್ಟು ತಿಂಗಳು ಉಣಿಸಿದ್ದೆಲ್ಲ ಹಸಿರಾಗಿ ನಿಂತು ನಾರುತ್ತಿತ್ತು.

"ಅಂಗಡಿಯೋರು ಹೀಗೇನೇ," ಎಂದ ಪ್ಯೋ. "ಹೊರೋಕೆ ಹಗುರ ಆಗ್ಲಿ ಅಂತ ತುಂಬ್ತಾರೆ. ಮೇಲೊಂದಿಷ್ಟು ತೊಗಟೆ ಚೂರು, ಅಷ್ಟೆ."

ಏನಾದರೂ ಹೇಳಬೇಕಿತ್ತು. "ಅತ್ತಿಗೆ ಹೇಗಿದ್ದಾರೆ? ಸ್ಕೂಲಿನ ಕೆಲಸ..."

"ಅವಳು ಕೆಲಸ ಬಿಟ್ಟು ವರ್ಷದ ಮೇಲಾಯ್ತು. ಹುಷಾರಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳಿರ್ಲಿಲ್ಲ." ಪ್ಯೋ ಗಿಡವನ್ನು ಅವನ ಕೈಗೆ ಕೊಟ್ಟ. "ನಿಂಗೂ ಗೊತ್ತಿರ್ಲಿಲ್ಲ, ಅಲ್ವಾ?"

ಅದು ಪ್ರಶ್ನೆಯೋ ಕ್ಷಮೆಯೋ ತಿಳಿಯಲಿಲ್ಲ. ಪ್ಯೋ ತಲೆ ತಗ್ಗಿಸಿ ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಿದ್ದ.

"ಊಟಕ್ಕೆ ಹೋಗೋಣ ಅಂದಿದ್ರಲ್ಲ, ಅಣ್ಣ."

"ಇನ್ನೊಂದ್ಸಲ. ನಿಂಗೆ ಕೆಲಸ ಇರತ್ತೆ."

ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಾಯಿತು. ಬೋರಾ ತನ್ನ ಕಂಪ್ಯೂಟರ್ ಪರದೆಯತ್ತ ತಿರುಗಿಕೊಂಡಳು.

ಬೇರಿನ ಜೊತೆ ಬಂದ ಥರ್ಮೊಕೋಲಿನ ಬಿಳಿ ಕಾಳುಗಳು ಗಿಲ್‌ಜುನ್‌ನ ಕಪ್ಪು ಕೋಟಿನ ತೋಳಿಗೆ ಅಂಟಿಕೊಂಡಿದ್ದವು. ಗಿಡವನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಒರೆಸಿದ. ಅವು ಬಲಗೈಗೆ ಬಂದವು. ಕೊಡವಿದ. ಉದುರಲಿಲ್ಲ. ಪ್ಯಾಂಟಿಗೆ ಉಜ್ಜಿದ. ಕಾಳುಗಳು ಒಡೆದು, ಮತ್ತಷ್ಟು ಸಣ್ಣದಾಗಿ, ಮತ್ತಷ್ಟು ಹೆಚ್ಚಾಗಿ, ಬಟ್ಟೆಯ ತುಂಬ ಹರಡತೊಡಗಿದವು.