ನೆಲ ಬಿಡದ ರೆಮೆಡಿಯೋಸ್

ರೆಮೆಡಿಯೋಸ್ ನಡೆಯುತ್ತಿರಲಿಲ್ಲ, ಜಾರುತ್ತಿದ್ದರು. ಎಡಪಾದವನ್ನು ಊರಿ, ಬಲಪಾದವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಉಜ್ಜಿ, ಸೊಂಟವನ್ನು ತುಸುವೇ ತೂಗಿ ಮುಂದುವರಿಯುವ ಆ ಗತಿವಿಲಾಸವನ್ನು ಜರ್ಮನಿಯ ಎಷ್‌ಬಾರ್ನಿನ ನಮ್ಮ ಮೂರನೆಯ ಮಹಡಿಯ ಗೋಡೆಯಾಚೆಯಿಂದ ಆರು ವರ್ಷ ಕೇಳಿದ್ದೇನೆ: ಸರ್, ಸರ್, ಸರ್. ಇಡೀ ಕಟ್ಟಡದಲ್ಲಿ ನನ್ನ ಗಂಡನನ್ನು ‘ಸರ್’ ಎನ್ನುವುದು ಅವರ ಚಪ್ಪಲಿಯೊಂದೇ ಎಂದು ಆಡಿಕೊಂಡದ್ದೂ ಉಂಟು. ಈ ದೇಶದಲ್ಲಿ ನನಗೆ ದೊರೆತ ಒಂದೇ ಒಂದು ಗಟ್ಟಿ ಸ್ನೇಹ ಅವರದು. ಅದನ್ನು ನಾನು ಕಳೆದುಕೊಂಡ ಬಗೆಯನ್ನು ತಲೆ ತಗ್ಗಿಸಿಯೇ ಬರೆಯಬೇಕು.

ಅರವತ್ತರ ಗಡಿಯ ಫಿಲಿಪೀನ್ಸ್ ನರ್ಸ್. ಬೇಸಿಗೆಯಲ್ಲೂ ಕಳಚದ ಕಂದು ಕೋಟು, ಅದರ ಜೇಬಿನಲ್ಲಿ ಜಪಸರ, ಪ್ರತಿ ವಾಕ್ಯದ ಬಾಲಕ್ಕೊಂದು ‘ಮ್ಯಾಮ್’. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಜಪಸರದ ಸದ್ದು ಪರಿಚಿತ. ಸಲಿಗೆ ಬೆಳೆಯಲು ಅಷ್ಟೇ ಸಾಕಾಯಿತು. ತಮ್ಮದು ‘ವಿಗನ್’ ಎಂದಾಗ, ಹಾಲು ಮೊಟ್ಟೆ ಮುಟ್ಟದವರ ವ್ರತವಿರಬೇಕೆಂದು ಭಾವಿಸಿ ಬೆಣ್ಣೆಯಿಲ್ಲದ ಕೇಕ್ ಹೊತ್ತೊಯ್ದಿದ್ದೆ. “ಅದು ನಮ್ಮೂರು, ಮ್ಯಾಮ್!” ಎಂದು ನಕ್ಕು ಕಣ್ಣೊರೆಸಿಕೊಂಡರು.

ಸ್ಪೇನಿನವರು ಕಡಲ ಬದಿಯಲ್ಲಿ ಕಟ್ಟಿದ ಊರು. ಮನೆಗಳಿಗೆ ಕೆಳಗೆ ಇಟ್ಟಿಗೆ, ಮೇಲೆ ಮರ. ಕಿಟಕಿಗಳಿಗೆ ಗಾಜಿನ ಬದಲು ತೆಳ್ಳನೆಯ ಕಡಲಚಿಪ್ಪು, ಅದರೊಳಗಿಂದ ಸೋಸಿ ಬರುವ ಹಾಲುಬೆಳಕು. ಕಲ್ಲುಹಾಸಿನ ಬೀದಿಯಲ್ಲಿ ಇಂದಿಗೂ ಕುದುರೆಗಾಡಿ. ಫೋನಿನಲ್ಲಿ ಚಿತ್ರಗಳನ್ನು ತೋರಿಸುವಾಗ ಅವರು ಬಾಗಿಲು ಕಿಟಕಿಗಳನ್ನೆಲ್ಲ ಬಿಟ್ಟು ನೆಲವನ್ನೇ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತಿದ್ದರು. ಏಕೆಂದು ನಾನು ಕೇಳಲಿಲ್ಲ. ಆಗಲೇ ಮನಸ್ಸಿನಲ್ಲಿ ಅವರ ‘ಮ್ಯಾಮ್’ಗಳನ್ನು ಹಾಸ್ಯಕ್ಕೆ ಸರಕಾಗಿ ಕೂಡಿಹಾಕುತ್ತಿದ್ದೆ.

ಕಳೆದ ದೀಪಾವಳಿಗೆ ಕನ್ನಡ ಸಂಘದ ಸಮಾರಂಭಕ್ಕೆ ಅವರನ್ನು ಕರೆದೊಯ್ದವಳು ನಾನೇ. ಎಸ್-ಬಾನ್ ರೈಲಿನಲ್ಲಿ ಎದುರು ಕೂತವರ ಮೂಗಿನಿಂದ ಕಾಲುಚೀಲದವರೆಗೆ ಕನ್ನಡದಲ್ಲಿ ಗಟ್ಟಿಯಾಗಿ ವಿಮರ್ಶಿಸುವುದು ಇಲ್ಲಿ ನಮ್ಮವರೆಲ್ಲರ ವ್ಯಸನ. ಯಾರಿಗೆ ಅರ್ಥವಾದೀತು ಎಂಬ ಧೈರ್ಯ. ಅದೇ ಧೈರ್ಯದಲ್ಲಿ ವೇದಿಕೆ ಹತ್ತಿ, ಎರಡನೆಯ ಸಾಲಿನಲ್ಲಿ ಕೂತಿದ್ದ ಅವರ ಕಣ್ಣೆದುರೇ, ಹೆಸರೆತ್ತದೆ, ‘ನಮ್ಮ ಪಕ್ಕದ್ಮನೆ ಮ್ಯಾಮ್’ ಬಗ್ಗೆ ಹತ್ತು ನಿಮಿಷ ಹರಟಿದೆ.

“ಅಕ್ಕಾ, ಸೂಪರ್! ನಡ್ದು ತೋರ್ಸಿ!” ಎಂದು ಸಂಘದ ಕಾರ್ಯದರ್ಶಿ ರಾಕೇಶ್ ಕೂಗಿದ.

ತೋರಿಸಿದೆ. ನಡಿಗೆಗೆ ಅನುವಾದಕರು ಬೇಕಿಲ್ಲವೆಂಬುದು ಇಷ್ಟು ಓದಿದ ತಲೆಗೆ ಹೊಳೆಯಲಿಲ್ಲ.

ನಗೆಯ ನಡುವೆ ರೆಮೆಡಿಯೋಸ್ ಎದ್ದರು. ನಿರೂಪಣೆಗೆ ನಿಂತಿದ್ದ ಲಾವಣ್ಯಾ ನನ್ನ ಕಿವಿಯಲ್ಲಿ, “ಅಯ್ಯೋ ಅಕ್ಕಾ, ಇವ್ರೇನಾ ಅದು?” ಎಂದಳು. ಅಷ್ಟರಲ್ಲಿ ಅವರು ವೇದಿಕೆ ಹತ್ತಿಬಂದಿದ್ದರು.

“ತಪ್ಪು, ಮ್ಯಾಮ್,” ಎಂದರು ಮೆಲ್ಲಗೆ, ತಮ್ಮ ಇಂಗ್ಲಿಷಿನಲ್ಲಿ. “ಭಾರ ಎಡಗಾಲಿನ ಮೇಲೆ. ಬಲಗಾಲಿನ ಕೆಳಗೆ ಅರ್ಧ ತೆಂಗಿನಕಾಯಿ ಸಿಪ್ಪೆ ಇದೆ ಅಂದ್ಕೊಳ್ಳಿ. ನಮ್ಮೂರಲ್ಲಿ ನಾವು ಕೆಲಸಕ್ಕಿದ್ದ ದೊಡ್ಡ ಮನೆ ನೆಲ ಉಜ್ಜಿದ್ದು ಹೀಗೆ. ನಮ್ಮಜ್ಜಿ, ನಮ್ಮಮ್ಮ, ಏಳು ವರ್ಷದವಳಿದ್ದಾಗಿಂದ ನಾನು.”

ಉಜ್ಜಿ ತೋರಿಸಿದರು. ಅದೂ ಕಾರ್ಯಕ್ರಮದ ಭಾಗವೆಂದುಕೊಂಡ ಸಭೆ ಮತ್ತೊಮ್ಮೆ ಚಪ್ಪಾಳೆ ತಟ್ಟಿತು.

ವಾಪಸು ಬರುವ ರೈಲಿನಲ್ಲಿ, “ಸಾರಿ. ಸುಮ್ನೆ ತಮಾಷೆಗೆ ಮಾಡಿದ್ದು,” ಎಂದೆ.

“ಪರವಾಗಿಲ್ಲ, ಮ್ಯಾಮ್. ಆ ಮನೆಯವರೂ ಅತಿಥಿಗಳ ಮುಂದೆ ನನ್ನ ಥರ ನಡೆದು ನಗಿಸ್ತಿದ್ರು,” ಎಂದರು. ಒಂದು ನಿಲ್ದಾಣ ಕಳೆದ ಮೇಲೆ ಹೇಳಿದರು: “ಅವರು ಮಾತ್ರ ನನ್ನನ್ನ ಫ್ರೆಂಡ್ ಅಂತ ಯಾವತ್ತೂ ಕರೆದಿರಲಿಲ್ಲ.”

ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ಮುಗುಳ್ನಗುತ್ತಾರೆ. ನನ್ನ ಮನೆಯ ಮುಂದೆ ಹಾಯುವಾಗ ಮಾತ್ರ ಒಂದೊಂದೇ ಪಾದವನ್ನು ಎತ್ತಿ, ಎತ್ತಿ ಇಡುತ್ತಾರೆ; ಆ ವಯಸ್ಸಿನ ಮಂಡಿಗೆ ಅದು ಎಷ್ಟು ಕಷ್ಟವೆಂದು ನೋಡುತ್ತ ನಿಲ್ಲುವುದೇ ನನ್ನ ಪಾಲಿನ ಶಿಕ್ಷೆ.

ಹಳೆಯ ನಗರಗಳ ಫಲಕಗಳಲ್ಲಿ ಕಟ್ಟಿಸಿದವರ ಹೆಸರಿರುತ್ತದೆ, ಎಲ್ಲೋ ಒಮ್ಮೊಮ್ಮೆ ಕಟ್ಟಿದವರದು. ಮೂರು ತಲೆಮಾರು ಉಜ್ಜಿ ಹೊಳಪು ಉಳಿಸಿದವರ ಚರಿತ್ರೆಗೆ ಅವರ ಮೈಯೇ ದಾಖಲೆ. ಇಂಥವರು ಬೇಗ ಕ್ಷಮಿಸುತ್ತಾರೆ. ದುಡಿದ ಮನೆಗಳು ಅದನ್ನೂ ಅವರಿಗೆ ಕಲಿಸಿರುತ್ತವೆ. ಸ್ನೇಹವನ್ನು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ತಾವಾಗಿಯೇ ಕೊಟ್ಟಿರುತ್ತಾರೆ, ಹಿಂತೆಗೆದುಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ.