ನಲವತ್ತು ಹೆಬ್ಬೆರಳು

ಆಲೋಶಿಯಸ್ ಡಿಸೋಜಾ ತನ್ನ ನಲವತ್ತೇಳು ವರ್ಷದ ಬದುಕಿನಲ್ಲಿ ಯಾರಿಗೂ ಮುಖ ಕೊಟ್ಟು ‘ಇಲ್ಲ’ ಅಂದವನಲ್ಲ. ಅದು ಒಳ್ಳೆಯತನವೇನಲ್ಲ. ಅವನ ಬಾಯಿ ಆ ಆಕಾರಕ್ಕೆ ಬರುತ್ತಿರಲಿಲ್ಲ, ಅಷ್ಟೆ. ಬೆಂಗಳೂರಿನಿಂದ ಐರಿಶ್ ಊರಾದ ಡನ್‌ಡಾಕ್‌ಗೆ ಬಂದ ಹೊಸದರಲ್ಲಿ ಬಾಗಿಲು ತಟ್ಟಿದ ಇಂಟರ್ನೆಟ್ ಕಂಪನಿಯವರಿಗೆಲ್ಲ ‘ನೋಡೋಣ’ ಅಂದೂ ಅಂದೂ ಮನೆಗೆ ಮೂರು ಕನೆಕ್ಷನ್ ಬಂದು ಕೂತಿದ್ದವು. ಅವನ್ನು ತೆಗೆಸಲು ಹೆಂಡತಿ ಜುಲಿಯಾನಾ ಫೋನಿನಲ್ಲಿ ಗಂಡಸಿನ ದನಿ ಮಾಡಿಕೊಂಡು ಮೂರು ವಾರ ಜಗಳವಾಡಿದಳು. ಆ ದನಿ ಇವತ್ತಿಗೂ ಅವಳನ್ನು ಪೂರ್ತಿ ಬಿಟ್ಟಿಲ್ಲ. ಹಾಗಾಗಿ ಊರಿನ ಕಾಯರ್‌ನಲ್ಲಿ ಅವಳು ಗಂಡಸರ ಸಾಲಿನಲ್ಲಿ ನಿಂತು ಹಾಡುತ್ತಾಳೆ.

ಆ ಕಾಯರ್‌ಗೆ ಹಾಡು ಬರೆಯುವವನೂ ಮುಂದೆ ನಿಂತು ಕೈಯಾಡಿಸಿ ಹಾಡಿಸುವವನೂ ಒಬ್ಬನೇ. ತಿಹಮೇರ್ ವಾರ್ಯು, ಹಂಗೇರಿಯವನು, ಅರವತ್ತಮೂರು ವರ್ಷ. ತಿಸಾ ನದಿಯ ಬಯಲಿನಲ್ಲಿ ಒಂದು ಸಣ್ಣ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿದವನು. ಅಪ್ಪ ಸಿಗ್ನಲ್ ಕೆಲಸದವನು. ಹುಡುಗ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಲೇ ತಾಳ ಕಲಿತ. ಹನ್ನೊಂದನೇ ವರ್ಷಕ್ಕೆ ಅವನು ಬರೆದ ಮೊದಲ ಕೃತಿಯನ್ನು ಊರಿನ ಬ್ಯಾಂಡಿನವರು ಪ್ಲಾಟ್‌ಫಾರಂ ಮೇಲೆ ನುಡಿಸಿದಾಗ, ಆ ಸ್ಟೇಷನ್ನಿನಲ್ಲಿ ಯಾವತ್ತೂ ನಿಲ್ಲದ ಎಕ್ಸ್‌ಪ್ರೆಸ್ ಒಂದು ನಿಂತು ಕೇಳಿಸಿಕೊಂಡು ಹೋಯಿತಂತೆ. ಬುಡಾಪೆಸ್ಟ್‌ನಲ್ಲಿ ಓದಿದ, ಎರಡು ಆಪೆರಾ ಬರೆದ, ಮೂವತ್ತೊಂದಕ್ಕೆ ಒಂದು ದೊಡ್ಡ ಊರಿನ ಆರ್ಕೆಸ್ಟ್ರಾಕ್ಕೆ ಯಜಮಾನನಾದ. ಪೇಪರಿನವರು ಅವನ ಸಂಗೀತ ಸಾಲದೆ ಮೂಗನ್ನೂ ಹೊಗಳಿ ಬರೆದ ಕಾಲ ಅದು.

ಕೆಟ್ಟಿದ್ದು ಒಂದೇ ಸಂಜೆ. ಅವನದೇ ಹೊಸ ಸಿಂಫನಿ, ಸಭಾಂಗಣ ಭರ್ತಿ. ಮೂರನೇ ಟ್ರಂಪೆಟ್‌ನವನ ಕುರ್ಚಿ ಮಾತ್ರ ಖಾಲಿ. ‘ಈಗ ಬಂದೆ’ ಎಂದು ಹೇಳಿಕಳಿಸಿದ್ದ. ವಾರ್ಯು ಎರಡೂ ಕೈ ಎತ್ತಿ ಕಾದ. ಒಂದು ಗಂಟೆ ನಲವತ್ತು ನಿಮಿಷ ಕಾದ. ಪಾರಿವಾಳವೊಂದು ಅವನ ಕೈಯ ತಾಳದ ಕೋಲಿನ ತುದಿಗೆ ಬಂದು ಕೂತು, ಜಾಗ ಒಪ್ಪಿಗೆಯಾಗಿ, ಹೋಗಿ ಹೆಂಡತಿಯನ್ನೂ ಕರೆದುಕೊಂಡು ಬಂತು. ಜನ ಎದ್ದು ಹೋದರು, ಪಿಟೀಲಿನವರು ಹೋದರು, ಕೊನೆಗೆ ದೀಪ ಆರಿಸಿ ವಾಚ್‌ಮನ್ನೂ ಹೋದ. ಟ್ರಂಪೆಟ್‌ನವನು ಹಿಂದಿನ ದಿನವೇ ವಿಯೆನ್ನಾಕ್ಕೆ ಹೋಗಿ ಭಾವನ ಬೇಕರಿಗೆ ಸೇರಿಕೊಂಡಿದ್ದ. ಮರುದಿನ ವಾರ್ಯುವಿನ ಕೆಲಸ ಹೋಯಿತು. ಆಮೇಲೆ ಜರ್ಮನಿಯ ಒಂದು ಶಾಲೆ, ಪೋರ್ಚುಗಲ್ಲಿನ ಒಂದು ಹಡಗು, ಕೊನೆಗೆ ಹತ್ತೊಂಬತ್ತು ವರ್ಷದಿಂದ ಡನ್‌ಡಾಕ್. ಹೋದಲ್ಲೆಲ್ಲ ಅವನ ಮೇಲೆ ಒಂದೇ ದೂರು: ಬರಬೇಕಾದವರೆಲ್ಲ ಬಂದು ಕೂರದೆ ಈ ಮನುಷ್ಯ ಶುರು ಮಾಡುವುದಿಲ್ಲ.

ಈ ವರ್ಷ ಮಾರ್ಚ್ ಹೊತ್ತಿಗೆ ಕಾಯರ್‌ನಲ್ಲಿ ಉಳಿದಿದ್ದು ಐದೇ ಜನ. ಆಲೋಶಿಯಸ್, ಜುಲಿಯಾನಾ, ಟೆಕ್ನಾಲಜಿ ಕಾಲೇಜಿನಲ್ಲಿ ಪಾಠ ಹೇಳುವ ಭಾಸ್ಕರ, ಮತ್ತು ಮೋರೀನ್, ನೋರಾ ಎಂಬ ಎಂಬತ್ತರ ಅವಳಿ ಅಕ್ಕತಂಗಿಯರು. ಉಳಿದವರೆಲ್ಲ ಊರಿನ ಇನ್ನೊಂದು ಕಾಯರ್‌ಗೆ ಹೋಗಿದ್ದರು. ಅಲ್ಲಿ ಹೊತ್ತಿಗೆ ಸರಿಯಾಗಿ ಶುರು ಮಾಡಿ ಕೇಕ್ ಕೊಡುತ್ತಾರೆ. ಆಗಲೇ ವಾರ್ಯುವಿಗೆ ಸಂಬಳ ಕೊಡುವ ಟ್ರಸ್ಟಿನಿಂದ ಕಾಗದ ಬಂತು. ಮೇ ತಿಂಗಳ ಕೊನೆಯ ಭಾನುವಾರದ ಕಾರ್ಯಕ್ರಮಕ್ಕೆ ನಮ್ಮ ಅಧಿಕಾರಿ ಬರುತ್ತಾರೆ, ಕಾಯರ್ ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಆಮೇಲೆ ಹೇಳುತ್ತೇವೆ ಅಂತ. ಮುಚ್ಚಿದರೆ ಕೆಲಸ ಹೋಯಿತು, ಕೆಲಸದ ಜೊತೆ ಬಂದ ಫ್ಲ್ಯಾಟೂ ಹೋಯಿತು. ಹಂಗೇರಿಯಲ್ಲಿ ಅವನಿಗೆ ಉಳಿದಿದ್ದು ಅಪ್ಪ ಅಮ್ಮನ ಸಮಾಧಿ. ಅದರಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ.

“ಆಲೋಶಿಯಸ್, ಇದೇ ನನ್ನ ಕೊನೇದು,” ಎಂದ ವಾರ್ಯು. ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ; ಇಬ್ಬರದೂ ಬೇರೆಬೇರೆ ಇಂಗ್ಲಿಷ್. “ನಿಮ್ಮ ಜನ ಬಂದು ಹಾಡ್ತಾರಾ?”

ಆಲೋಶಿಯಸ್ ‘ನೋಡೋಣ’ ಎಂದು, ಊರಿನ ಸುತ್ತಮುತ್ತಲ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಒಂದು ಮೆಸೇಜು ಹಾಕಿದ. ರಾತ್ರಿಯೊಳಗೆ ನಲವತ್ತು ಹೆಬ್ಬೆರಳು ಬಂದವು. ಅವುಗಳಲ್ಲಿ ಒಂದು ತುಂಗಮ್ಮನದು. ಆಕೆ ಮಗಳ ಬಾಣಂತನ ಮುಗಿಸಿಕೊಂಡು ದಾವಣಗೆರೆಗೆ ಹೋಗಿ ಆಗಲೇ ಒಂದು ವರ್ಷವಾಗಿತ್ತು. ಆ ಹೆಬ್ಬೆರಳಿನ ಅರ್ಥ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ: ಕಣ್ಣಿಗೆ ಬಿತ್ತು, ಮುಂದಿನದು ದೇವರಿಗೆ ಬಿಟ್ಟದ್ದು. ಹಂಗೇರಿಯವನಿಗೆ ಯಾರಾದರೂ ಹೇಳಬೇಕಿತ್ತು.

“ಎಷ್ಟು ಜನ?” ಎಂದು ಗುರುವಾರ ವಾರ್ಯು ಕೇಳಿದ.

“ಫಾರ್ಟಿ, ಸರ್.”

ವಾರ್ಯು ಪಿಯಾನೋ ಮುಚ್ಚಳದ ಮೇಲೆ ಹಣೆಯಿಟ್ಟು ಅತ್ತ. ಅಳುವ ಮನುಷ್ಯನಿಗೆ ಹೆಬ್ಬೆರಳಿನ ಅರ್ಥ ಬಿಡಿಸಿ ಹೇಳುವುದು ಹೇಗೆ? ವಾರ್ಯು ಮೂಗು ಒರೆಸಿಕೊಂಡು ಎದ್ದ. “ನಲವತ್ತು ಜನಕ್ಕೆ ನಲವತ್ತು ಸಾಲು ಬರೀತೀನಿ. ಒಬ್ರದ್ದು ಇನ್ನೊಬ್ರಿಗೆ ಇರಲ್ಲ. ಹೆಸರು ಹೇಳು. ಯಾರ ದನಿ ಹೇಗೆ, ಅದನ್ನೂ ಹೇಳು.”

ಆಲೋಶಿಯಸ್ ಹೇಳುತ್ತ ಹೋದ. ಗುಂಪಿನ ಅಡ್ಮಿನ್ ಶಾನವಾಜ್, ಸ್ಯಾಂಟ್ರಿ ಎಂಬ ಬಡಾವಣೆಯವನು, ದನಿ ಬಾವಿಯೊಳಗಿಂದ ಬಂದ ಹಾಗೆ. ಇರ್ಫಾನಾಳದ್ದು ಬೆಳ್ಳಿ ಲೋಟ. ಚಂದ್ರಕಾಂತ ಮಾತಾಡಿದರೆ ಕಿಟಕಿ ಗಾಜು ಅಲುಗುತ್ತೆ. ಇವರಲ್ಲಿ ಒಬ್ಬರೂ ಹಾಡಿದ್ದನ್ನು ಅವನು ಕೇಳಿರಲಿಲ್ಲ. ತುಂಗಮ್ಮನ ಹೆಸರು ಬಂದಾಗ ನಾಲಗೆ ತಡವರಿಸಿತು. “ತುಂಬಾ ದೂರದಿಂದ ಬಂದಂಗೆ ಇರುತ್ತೆ ಸರ್,” ಎಂದ. ಆವತ್ತು ಅವನು ಹೇಳಿದ ನಿಜ ಅದೊಂದೇ.

ಆರು ವಾರ ಹಗಲೂ ರಾತ್ರಿ ಬರೆದು ವಾರ್ಯು ಒಂದು ಮುಷ್ಟಿ ಪೆನ್ಸಿಲ್ ಸವೆಸಿದ. ಪ್ರತಿ ಗುರುವಾರ ಪ್ರಾಕ್ಟೀಸಿಗೆ ಅದೇ ಐದು ಜನ. “ನಮ್ಮವರು ಮನೇಲೇ ಪ್ರಾಕ್ಟೀಸ್ ಮಾಡ್ತಾರೆ ಸರ್, ನಾಚಿಕೆ ಜಾಸ್ತಿ,” ಎಂದ ಆಲೋಶಿಯಸ್. ವಾರ್ಯು ತಲೆದೂಗಿದ; ನಾಚಿಕೆ ಅವನಿಗೆ ಗೊತ್ತಿತ್ತು. ಆಲೋಶಿಯಸ್ ಊಟ ಬಿಟ್ಟ. ಬೆಲ್ಟಿಗೆ ಮೂರು ತೂತು ಹೊಸದಾಗಿ ಹೊಡೆದ. ಸ್ಯಾಂಟ್ರಿಯ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕೂತು ಒಬ್ಬೊಬ್ಬರಿಗೇ ಬೇರೆ ಬೇರೆ ಮೆಸೇಜು ಕಳಿಸಿ ಕಾಡಿದ. ಒಂದೊಂದಕ್ಕೂ ಒಂದೊಂದು ಹೆಬ್ಬೆರಳು ಬಂತು.

“ಆ ಮನುಷ್ಯಂಗೆ ನಿಜ ಹೇಳ್ಬಿಡು ಆಲೋಶಿ,” ಎಂದಳು ಜುಲಿಯಾನಾ.

“ನೋಡೋಣ.”

“ನೋಡೋಣ ಅಂದ್ರೆ ಹೇಳಲ್ಲ ಅಂತ. ಇಪ್ಪತ್ತು ವರ್ಷ ಸಂಸಾರ ಮಾಡೀನಿ, ನಂಗೇ ಹೇಳ್ತೀಯ?”

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಚರ್ಚಿನ ಪ್ಯಾರಿಷ್ ಹಾಲಿನಲ್ಲಿ ಎಪ್ಪತ್ತು ಜನ ಕೂತಿದ್ದರು. ಮೂರನೇ ಸಾಲಿನಲ್ಲಿ ಹಸಿರು ಕೋಟಿನ ಹೆಂಗಸು, ಟ್ರಸ್ಟಿನ ಅಧಿಕಾರಿ, ತೊಡೆಯ ಮೇಲೆ ನೋಟ್‌ಬುಕ್. ವೇದಿಕೆಯ ಮೇಲೆ ನಲವತ್ತೈದು ಕುರ್ಚಿ, ಒಂದೊಂದಕ್ಕೂ ವಾರ್ಯು ಕೈಯಾರೆ ಬರೆದು ಅಂಟಿಸಿದ ಹೆಸರು. ಐದು ಕುರ್ಚಿ ತುಂಬಿದ್ದವು. ವಾರ್ಯು ಬಂದು ನಮಸ್ಕರಿಸಿ, ಎರಡೂ ಕೈ ಎತ್ತಿದ. ಹಾಗೇ ನಿಂತ.

ಆಲೋಶಿಯಸ್ ಹಿಂದಿನ ಸಾಲಿನಿಂದ ಜಾರಿ, ಪರದೆಯ ಮರೆಗೆ ಹೋಗಿ ಫೋನ್ ಹಚ್ಚಿದ.

“ಹೊರಟೆ ಕಣೋ, ದಾರೀಲಿದೀನಿ,” ಎಂದ ಚಂದ್ರಕಾಂತ. ಹಿಂದುಗಡೆ ಬಕೆಟ್ಟಿಗೆ ನೀರು ಬೀಳುತ್ತಿತ್ತು.

“ಟೋಲ್ ಹತ್ರ ಬಂದ್ವಿ ಅಣ್ಣ,” ಎಂದಳು ಇರ್ಫಾನಾ. ಆ ಟೋಲಿನಲ್ಲಿ ಕುಕ್ಕರ್ ಮೂರನೇ ವಿಷಲ್ ಹಾಕಿತು.

ಶಾನವಾಜ್ ಫೋನೇ ಎತ್ತಲಿಲ್ಲ.

ವಾರ್ಯು ಕೈ ಇಳಿಸದೆ, ತಲೆ ತಿರುಗಿಸದೆ ಕೇಳಿದ: “ಎಷ್ಟು ನಿಮಿಷ?”

“ಐದು ನಿಮಿಷ ಸರ್.”

ಅರ್ಧ ಗಂಟೆಯಾಯಿತು. “ಐದು ನಿಮಿಷ ಸರ್.” ಮುಕ್ಕಾಲು ಗಂಟೆಯಾಯಿತು. ಜನ ಕೆಮ್ಮಿದರು, ಕೋಟು ಹುಡುಕಿದರು, ಬಗ್ಗಿಕೊಂಡು ಒಬ್ಬೊಬ್ಬರೇ ಎದ್ದರು. ನೋರಾ ಕೂತಲ್ಲೇ ನಿದ್ದೆ ಹೋದಳು. ಮೋರೀನ್ ಅವಳ ಬದಲಿಗೂ ಎಚ್ಚರವಿದ್ದಳು.

“ಗುರು,” ಎಂದು ಭಾಸ್ಕರ ಪಿಸುಗುಟ್ಟಿದ, “ಈ ಐದು ನಿಮಿಷದಲ್ಲಿ ನಾನು ಇನ್ನೊಂದು ಪಿಎಚ್‌ಡಿ ಮುಗಿಸ್ಬೋದಿತ್ತು.”

“ಸುಮ್ನಿರೋ.”

“ನಾನು ಸುಮ್ನೇ ಇದೀನಿ. ಎಲ್ರೂ ಸುಮ್ನೇ ಇದಾರೆ. ಅದೇ ಪ್ರಾಬ್ಲಮ್ಮು.”

ಒಂದು ಗಂಟೆ ಹತ್ತು ನಿಮಿಷ. ವಾರ್ಯುವಿನ ತೋಳು ನಡುಗುತ್ತಿತ್ತು. ಅಂಗಿಯ ಬೆನ್ನು ಒದ್ದೆಯಾಗಿ ಚರ್ಮಕ್ಕೆ ಅಂಟಿತ್ತು. ಅವನ ಕಣ್ಣು ವೇದಿಕೆಯ ಪಕ್ಕದ ಬಾಗಿಲ ಮೇಲೇ ಇತ್ತು. ಪ್ರತಿ ಸಲ ಬಾಗಿಲು ತೆರೆದಾಗಲೂ ಆ ಮುಖ ಅರಳಿ, ಹೊರಹೋಗುವವರ ಬೆನ್ನು ಕಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎಪ್ಪತ್ತು ಜನದಲ್ಲಿ ಉಳಿದವರು ಹನ್ನೆರಡು. ಹಸಿರು ಕೋಟಿನ ಹೆಂಗಸು ಪೆನ್ನಿಗೆ ಕ್ಯಾಪ್ ಹಾಕಿದಳು.

ಆಲೋಶಿಯಸ್ ವೇದಿಕೆಯ ಮುಂದಕ್ಕೆ ಹೋಗಿ ನಿಂತ. ದವಡೆ ಜರುಗಿದ ಸದ್ದು ಮೂರನೇ ಸಾಲಿಗೂ ಕೇಳಿಸಿತು ಅನ್ನುತ್ತಾರೆ.

“ಸರ್, ಯಾರೂ ಬರಲ್ಲ.”

“ಐದು ನಿಮಿಷ?”

“ಐದು ನಿಮಿಷಾನೂ ಇಲ್ಲ. ಆವತ್ತು ಅವ್ರು ಬರ್ತೀವಿ ಅಂದೇ ಇರ್ಲಿಲ್ಲ. ನಾನೇ ಸುಳ್ಳು ಹೇಳಿದ್ದು.”

ವಾರ್ಯು ಕೈ ಇಳಿಸಲು ಹೋದ, ಅವು ಇಳಿಯಲಿಲ್ಲ. ಜುಲಿಯಾನಾ ನರ್ಸು. ಎದ್ದು ಬಂದು ಭುಜ ಒತ್ತಿ, ಮೊಣಕೈ ಮಡಿಸಿ, ಒಂದೊಂದೇ ತೋಳನ್ನು ಕೆಳಗಿಳಿಸಿದಳು.

“ಮೂವತ್ತೆರಡು ವರ್ಷ ಆಯ್ತು,” ಎಂದ ವಾರ್ಯು. “ಬರಲ್ಲ ಅಂತ ಯಾರೂ ಒಂದು ಸಲ ಬಂದು ಹೇಳಿರ್ಲಿಲ್ಲ.” ಬೆರಳು ಮಡಚಿ ಬಿಚ್ಚಿ ನೋಡಿಕೊಂಡ. “ಸರಿ. ಇರೋರು ಅವರವರ ಸಾಲು ಹಾಡಿ. ಬೇರೆಯವರದ್ದು ಮುಟ್ಟಬೇಡಿ.”

ಹಾಡು ಒಂಬತ್ತು ನಿಮಿಷದ್ದು. ಅದರಲ್ಲಿ ಆಲೋಶಿಯಸ್‌ನ ಪಾಲಿಗೆ ಬಂದಿದ್ದು ಏಳೇ ಸ್ವರ. ಉಳಿದ ಹೊತ್ತೆಲ್ಲ ಅವನು ನಿಂತು ನೋಡಬೇಕಾಯಿತು. ವಾರ್ಯು ಎದೆಯ ಮಟ್ಟಕ್ಕಷ್ಟೇ ಏಳುತ್ತಿದ್ದ ಕೈಯಿಂದ ಒಂದೊಂದು ಖಾಲಿ ಕುರ್ಚಿಗೂ ತಿರುಗಿ, ಹೆಸರು ಓದಿ, ಬೆರಳು ಮಾಡಿ ಕರೆದ. ಚಂದ್ರಕಾಂತ. ಕುರ್ಚಿ ಸುಮ್ಮನಿತ್ತು. ಇರ್ಫಾನಾ. ಸುಮ್ಮನಿತ್ತು. ಆಗಷ್ಟೇ ಎಚ್ಚರವಾದ ನೋರಾಳ ಸಣ್ಣ ದನಿ ಎದ್ದು, ಜೊತೆಗೆ ಬರಬೇಕಾದವರು ಬಾರದೆ, ಸೇತುವೆಯಿಲ್ಲದ ಕಡೆ ನಿಂತ ಮುದುಕಿಯ ಹಾಗೆ ನಿಂತುಹೋಯಿತು. ತುಂಗಮ್ಮನ ಜಾಗಕ್ಕೆ ಸರಿಯಾಗಿ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಶಾನವಾಜ್ ಹಾಡದೆ ಇದ್ದಿದ್ದು ಆಲೋಶಿಯಸ್‌ಗೆ ಸ್ಪಷ್ಟವಾಗಿ ಕೇಳಿಸಿತು. ಹಾಡದ ಅಷ್ಟೂ ಜನ ಅವನಿಗೆ ಬೇರೆಬೇರೆಯಾಗಿ ಕೇಳಿಸಿದರು.

ಮುಗಿದ ಮೇಲೆ ಹಸಿರು ಕೋಟಿನ ಹೆಂಗಸು ಬಂದು ವಾರ್ಯುವಿನ ಕೈ ಕುಲುಕಿದಳು. “ಗ್ರ್ಯಾಂಡ್. ಗ್ರ್ಯಾಂಡ್ ಆಗಿತ್ತು. ತಿಳಿಸ್ತೀವಿ,” ಎಂದು ಹೋದಳು. ಆ ಮಾತು ಆಲೋಶಿಯಸ್‌ಗೆ ಚೆನ್ನಾಗಿ ಗೊತ್ತಿದ್ದ ಮಾತು. ದೇಶ ಬೇರೆ, ಹೆಬ್ಬೆರಳು ಅದೇ.

ಕಾರ್ ಪಾರ್ಕಿನಲ್ಲಿ ವಾರ್ಯು ಹಾಡಿನ ಕಾಗದಗಳ ಚೀಲ ತಬ್ಬಿಕೊಂಡು ನಿಂತಿದ್ದ. “ಗ್ರ್ಯಾಂಡ್ ಅಂದ್ರು,” ಎಂದ.

ಆಲೋಶಿಯಸ್ ದವಡೆ ಹಿಡಿದುಕೊಂಡ. “ಸರ್, ಅದು ಇಲ್ಲ ಅಂತ.”

“ಗೊತ್ತು. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದೀನಿ. ನೀನು ಹೇಳ್ತೀಯೋ ಇಲ್ವೋ ನೋಡ್ದೆ.”

“ಫ್ಲ್ಯಾಟ್ ಯಾವಾಗ ಬಿಡ್ಬೇಕು?”

“ಜೂನ್ ಮೂವತ್ತು. ಆ ಕಾಗದದಲ್ಲೇ ಬರೆದಿದ್ರು.”

‘ನಮ್ಮನೇಗೆ ಬಂದ್ಬಿಡಿ ಸರ್’ ಅನ್ನುವುದು ಆಲೋಶಿಯಸ್‌ನ ತುಟಿಯವರೆಗೆ ಬಂತು. ಎರಡು ರೂಮಿನ ಮನೆ, ನಾಲ್ಕು ಜನ. ನುಂಗಿಕೊಂಡ.

ಅಷ್ಟರಲ್ಲಿ ಒಂದು ಕಾರು ಭರ್ರನೆ ಬಂದು ನಿಂತಿತು. ಶಾನವಾಜ್ ಇಳಿದ, ಡಿಕ್ಕಿ ತೆಗೆದ. ಒಳಗೆ ಒಂದು ತೊಟ್ಟಿಯಷ್ಟು ದೊಡ್ಡ ಪಾತ್ರೆ, ಸುತ್ತ ಕಂಬಳಿ.

“ಸಾರಿ ಭಾಯ್, ದಮ್ ಆಗೋದು ಲೇಟಾಯ್ತು. ಫೋನ್ ಅಡಿಗೆಮನೇಲೇ ಬಿಟ್ಬಂದೆ. ನಲವತ್ತು ಜನಕ್ಕೆ ಬಿರಿಯಾನಿ ಐತೆ. ಶುರು ಆಗಿಲ್ಲ ತಾನೆ?”

“ಮುಗೀತು,” ಎಂದ ಆಲೋಶಿಯಸ್.

“ಇವರು ಯಾರು?” ಎಂದು ವಾರ್ಯು ಕೇಳಿದ.

“ಶಾನವಾಜ್ ಸರ್.”

ವಾರ್ಯು ಚೀಲಕ್ಕೆ ಕೈ ಹಾಕಿ ಒಂದು ಹಾಳೆ ಹುಡುಕಿ ತೆಗೆದ, ಅವನ ಕೈಗಿಟ್ಟ, ಸ್ವರಗಳನ್ನು ಬಾಯಿಂದ ಹೇಳಿಕೊಟ್ಟ. ನಾಲ್ಕೇ ಸ್ವರ. ಆಮೇಲೆ ಕೈ ಎತ್ತಿದ.

“ನಂಗೆ ಹಾಡಕ್ಕೆ ಬರಲ್ಲ ಭಾಯ್. ಅನ್ನ ಬಡಿಸಣ ಅಂತ ಬಂದೆ.”

“ಹಾಡು,” ಎಂದಳು ಜುಲಿಯಾನಾ, ಇಂಟರ್ನೆಟ್ ಕಂಪನಿಯವರ ಜೊತೆ ಮಾತಾಡಿದ ದನಿಯಲ್ಲಿ.

ಶಾನವಾಜ್ ಹಾಡಿದ. ಬಾವಿಯಲ್ಲ; ಹಳೇ ಮೊಪೆಡ್ಡಿನ ಹಾರನ್ನು. ವಾರ್ಯು ಕಣ್ಣು ಮುಚ್ಚಿ ನಾಲ್ಕೂ ಸ್ವರ ಕೇಳಿದ. ಜೇಬಿನಿಂದ ಪೆನ್ಸಿಲ್ ತೆಗೆದು, ಹಾಳೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಸ್ವರಗಳನ್ನು ಅಳಿಸಿ ಮೇಲಕ್ಕೇರಿಸಿ ಬರೆದ. ಆಮೇಲೆ ಆಲೋಶಿಯಸ್‌ನ ಕಡೆ ತಿರುಗಿದ.

“ಉಳಿದವರ ದನೀನೂ ಹೀಗೇ ಸುಳ್ಳಾ?”

“ಹೌದು ಸರ್.”

ಫುಟ್‌ಪಾತಿನ ಅಂಚಿನ ಮೇಲೆ ಎಲ್ಲರೂ ಕೂತರು. ಭಾಸ್ಕರ ತಟ್ಟೆಗಳಿಗೆ ಹಾಕುತ್ತ ಬಂದ. ವಾರ್ಯು ಬಿರಿಯಾನಿ ತಟ್ಟೆಯನ್ನು ಮಗ್ಗುಲಿಗಿಟ್ಟು, ತೊಡೆಯ ಮೇಲೆ ಹಾಳೆಗಳನ್ನು ಹರಡಿಕೊಂಡ. “ಒಬ್ಬೊಬ್ಬರದೇ ಹೇಳು. ಈ ಸಲ ನಿಜ ಹೇಳು. ಜೂನ್ ಮೂವತ್ತರವರೆಗೆ ಟೈಮ್ ಇದೆ.”

“ಯಾರೂ ಹಾಡಲ್ಲ ಸರ್. ಸರಿ ಮಾಡಿ ಏನ್ಮಾಡ್ತೀರಿ?”

ವಾರ್ಯು ಮೊದಲ ಹಾಳೆ ಎತ್ತಿದ. “ತುಂಗಮ್ಮ.”

“ದಾವಣಗೆರೇಲಿದಾರೆ ಸರ್. ಇಂಡಿಯಾದಲ್ಲಿ. ಅವ್ರು ಯಾವತ್ತೂ ಬರಲ್ಲ.”

ವಾರ್ಯು ಆ ಸಾಲನ್ನು ಹೊಡೆದುಹಾಕಲಿಲ್ಲ. ಪೆನ್ಸಿಲ್ ಎತ್ತಿ ಹಿಡಿದು ಸ್ವಲ್ಪ ಹೊತ್ತು ಕಾದ. ಆಮೇಲೆ ಕೈ ಇಳಿಸಿ, ಮುಂದಿನ ಹೆಸರಿಗೆ ಹೋದ.