ಪಿಂಪಾಳ ಮಾತು

ಪಿಂಪಾಗೆ ಲಕ್ವ ಹೊಡೆದದ್ದು ಗಿಡಗಳಿಗೆ ನೀರು ಹಾಕುವಾಗ. ಉತ್ತರ ಥಾಯ್ಲೆಂಡಿನ ಪ್ರೇ ಪಟ್ಟಣದ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳ ಬಲಗೈ ಏಳುತ್ತಿರಲಿಲ್ಲ. ಮಾತು ತೊದಲುತ್ತ ತೊದಲುತ್ತ ಬಂತು. ಆದರೆ ಅದು ಗಂಡನಿಗೆ ಅರ್ಥವಾಗುವ ಮಾತಾಗಿರಲಿಲ್ಲ.

ಗಂಡ ರೇಟೋ ಸ್ವಿಟ್ಜರ್ಲೆಂಡಿನವನು, ಬೆಟ್ಟದ ರೋಪ್‌ವೇಗಳನ್ನು ದುರಸ್ತಿ ಮಾಡುತ್ತಿದ್ದವನು. ಪಿಂಪಾ ಅಲ್ಲಿನ ಹೋಟೆಲೊಂದಕ್ಕೆ ಬಟ್ಟೆ ಒಗೆಯುವ ಕೆಲಸಕ್ಕೆಂದು ಹೋದವಳು, ಅವನನ್ನು ಮದುವೆಯಾಗಿ, ಅವನ ಜರ್ಮನ್ ಕಲಿತು, ಆ ಭಾಷೆಯಲ್ಲೇ ಜಗಳವಾಡುವಷ್ಟು ಪಳಗಿದಳು. ಅವನು ನಿವೃತ್ತನಾದ ಮೇಲೆ ಇಬ್ಬರೂ ಅವಳ ಊರಿಗೆ ಬಂದು ಮನೆ ಕಟ್ಟಿಸಿದರು. ಇಲ್ಲೂ ಅವನ ಬಾಯಿ ಅವಳೇ. ತರಕಾರಿಯವಳ ಹತ್ತಿರ, ವೀಸಾ ಕಚೇರಿಯಲ್ಲಿ, ವಿಹಾರದ ಭಿಕ್ಷುಗಳೆದುರು ಅವಳು ಮಾತಾಡುತ್ತಿದ್ದಳು. ರೇಟೋ ಕೈಮುಗಿದು ನಗುತ್ತ ನಿಲ್ಲುತ್ತಿದ್ದ. ಅವನ ಥಾಯ್ ನಮಸ್ಕಾರಕ್ಕೆ ಶುರುವಾಗಿ ನಮಸ್ಕಾರಕ್ಕೇ ಮುಗಿಯುತ್ತಿತ್ತು.

"ಹೀಗಾಗುವುದುಂಟು," ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. "ಆಮೇಲೆ ಕಲಿತದ್ದು ಅಳಿಸಿಹೋಗಿ, ತಾಯಿ ಕಲಿಸಿದ್ದು ಉಳಿಯಬಹುದು. ಜರ್ಮನ್ ಮತ್ತೆ ಬಂದೀತೋ ಇಲ್ಲವೋ, ಹೇಳಲಾರೆ."

ಹಾಸಿಗೆಯ ಪಕ್ಕದಲ್ಲಿ ಕಿವುಡನಂತೆ ಕುಳಿತಿದ್ದ ರೇಟೋಗೆ ನೆನಪಾದದ್ದು ತನ್ನ ಊಟದ ಮೇಜು. ಪಿಂಪಾಳ ಅಕ್ಕ ಬುವಾಖಾಮ್ ಮೊದಲೆಲ್ಲ ಆಗಾಗ ಮನೆಗೆ ಬರುತ್ತಿದ್ದಳು. ಅಕ್ಕತಂಗಿಯರು ಮಾತಿಗೆ ಕೂತರೆ ನಗು ನಿಲ್ಲುತ್ತಿರಲಿಲ್ಲ. ಒಂದು ದಿನ ಹಾಗೆ ನಗುತ್ತಿದ್ದಾಗ ರೇಟೋ ಮೇಜು ಗುದ್ದಿದ್ದ. "ನನ್ನ ಮನೆಯಲ್ಲಿ ನನಗೆ ಅರ್ಥವಾಗುವ ಹಾಗೆ ಮಾತಾಡಿ!" ಪಿಂಪಾ ಆ ಜರ್ಮನ್ ಮಾತನ್ನು ಅಕ್ಕನಿಗೆ ತಿಳಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಬುವಾಖಾಮ್ ಎದ್ದು ಚಪ್ಪಲಿ ಮೆಟ್ಟಿದಳು, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆಸ್ಪತ್ರೆಗೂ ಅವಳು ರೇಟೋ ಇಲ್ಲದ ಹೊತ್ತು ನೋಡಿ ಬಂದುಹೋಗುತ್ತಿದ್ದಳು.

ಪಿಂಪಾಳನ್ನು ಮನೆಗೆ ಕರೆತಂದ ವಾರದಲ್ಲೇ ರೇಟೋ ಆನ್‌ಲೈನ್ ಪಾಠಕ್ಕೆ ಸೇರಿದ. ಕಲಿಸುವವಳು ಬ್ಯಾಂಕಾಕ್ ಕಡೆಯ ಒರಾತಾಯ್ ಎಂಬ ಚುರುಕು ಹೆಂಗಸು.

"ಥಾಯ್ ಯಾಕೆ ಕಲೀಬೇಕು ಅನ್ಸ್ತು ರೇಟೋ ಅವರೇ?" ಎಂದು ಅವಳು ಮೊದಲ ದಿನವೇ ಇಂಗ್ಲಿಷಿನಲ್ಲಿ ಕೇಳಿದಳು.

"ಮಾರ್ಕೆಟ್ಟಲ್ಲಿ ಚೌಕಾಸಿ ಮಾಡೋಕೆ," ಎಂದುಬಿಟ್ಟ. ನಿಜ ಹೇಳಲು ನಾಚಿಕೆಯಾಯಿತು.

ಪ್ರತಿದಿನ ಬೆಳಿಗ್ಗೆ ಅಂಗಳದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಸ್ವರ ಏರಿಸಿದ, ಇಳಿಸಿದ. ಒಂದೇ ಪದ, ರಾಗ ಬದಲಾದರೆ ಅರ್ಥವೇ ಬೇರೆ. 'ಕ್ಲಾಯ್' ಎಂದು ದನಿ ಬೀಳಿಸಿದರೆ ಹತ್ತಿರ. ಸಮನಾಗಿ ಎಳೆದರೆ ದೂರ.

"ಅಯ್ಯೋ, ಹಾಡ್ಬೇಡಿ, ಹೇಳಿ!" ಎಂದು ಒರಾತಾಯ್ ನಗುತ್ತಿದ್ದಳು. "ನಿಮ್ಮ ದನಿ ಮೆಟ್ಲು ಇಳಿಯೋ ಬದ್ಲು ಲಿಫ್ಟಲ್ಲೇ ನಿಂತ್ಬಿಡುತ್ತೆ."

ಸ್ವಲ್ಪ ಧೈರ್ಯ ಬಂದ ಮೇಲೆ ರೇಟೋ ಹೆಂಡತಿಯ ಕೈ ಹಿಡಿದು, ಮನಸ್ಸಿನಲ್ಲೇ ಉರು ಹಾಕಿದ್ದ ವಾಕ್ಯವನ್ನು ಹೇಳಿದ. ನಾನು ನಿನ್ನ ಹತ್ತಿರ ಇದ್ದೇನೆ. ಪಿಂಪಾ ಅವನ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿ ಏನೋ ಅಂದಳು. ಅದರ ಹಿಂದೆಯೇ, ಆಸ್ಪತ್ರೆಯಿಂದ ಬಂದಾಗಿನಿಂದ ಹೇಳುತ್ತಿದ್ದ ಅದೇ ಎರಡು ಪದ: "ಪಿಕ್ ಬಾನ್." ಅವನು ನೀರು ಕೊಟ್ಟ. ದಿಂಬು ಸರಿಮಾಡಿದ. ಅವಳು ಮುಖ ತಿರುಗಿಸಿ ಅತ್ತಳು.

ಮರುದಿನ ಅವನು ಅದೇ ವಾಕ್ಯವನ್ನು ಮತ್ತೆ ಹೇಳಿ, ಅವಳ ಉತ್ತರವನ್ನೂ ಸೇರಿಸಿ ಫೋನಿನಲ್ಲಿ ಹಿಡಿದು ಒರಾತಾಯ್‌ಗೆ ಕೇಳಿಸಿದ. ಅವಳ ನಗು ನಿಂತುಹೋಯಿತು.

"ಇವರು ಯಾರು?"

ರೇಟೋ ಎಲ್ಲವನ್ನೂ ಹೇಳಿದ. ಮೇಜು ಗುದ್ದಿದ್ದನ್ನೂ ಬಿಡಲಿಲ್ಲ.

ಅವಳು ಆ ದನಿಯನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. "ಇದು ನಾನು ಕಲಿಸೋ ಥಾಯ್ ಅಲ್ಲ, ಬಡಗಣ ಸೀಮೆ ಮಾತು. ನನಗೂ ಅಷ್ಟಿಷ್ಟೇ ಬರೋದು. 'ಪಿಕ್ ಬಾನ್' ಅಂದ್ರೆ ಮನೆಗೆ ವಾಪಸ್ ಹೋಗೋಣ ಅಂತ."

"ಮನೆಯಲ್ಲೇ ಇದ್ದಾಳಲ್ಲ!"

"ಅದನ್ನ ಅವರ ಮನೆಯವ್ರನ್ನ ಕೇಳ್ಬೇಕು. ಇನ್ನೊಂದು... ನೀವು 'ಹತ್ತಿರ ಇದ್ದೀನಿ' ಅಂದದ್ದು ಇದ್ರಲ್ಲಿ 'ದೂರ ಇದ್ದೀನಿ' ಅಂತ ಕೇಳಿಸ್ತಿದೆ. ಅವರು, 'ಹೂಂ, ದೂರ' ಅಂದಿದ್ದಾರೆ."

ರೇಟೋ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. "ತಡೀರಿ," ಎಂದಳು ಒರಾತಾಯ್. "ಅಲ್ಲಿಯವ್ರ ಹತ್ರ ತಪ್ಪಾಯ್ತು ಅನ್ನೋಕೆ ನಮ್ಮ ಪದ ಸಾಲದು. 'ಸೂಮಾ' ಅನ್ನಿ. ಎಳೆದು ಹೇಳಿ." ಅವಳು ಹಲವು ಸಲ ಹೇಳಿಸಿದಳು. ಕ್ಷಮೆ ಎನ್ನುವುದರ ದೂರದ ನೆಂಟನೇ ಇರಬೇಕು ಆ ಪದ.

ಬುವಾಖಾಮಳ ಮನೆ ಯೋಮ್ ಹೊಳೆಯ ಆಚೆ. ಅಲ್ಲಿ ಅವಳು ಬಟ್ಟೆಗೆ ನೀಲಿ ಬಣ್ಣ ಹಾಕುತ್ತಿದ್ದಳು. ರೇಟೋ ಹೋದಾಗ ಮೊಣಕೈವರೆಗೂ ನೀಲಿಯಾದ ತೋಳುಗಳಿಂದ ಹಂಡೆಯೊಳಗಿನ ಬಟ್ಟೆ ಹಿಂಡುತ್ತಿದ್ದಳು.

"ಏನು, ನಮ್ಮನೆ ಅಳಿಯಂದಿರು ದಾರಿ ತಪ್ಪಿ ಬಂದ್ರೋ?" ಎಂದು ಶುರುಮಾಡಿ, ತನ್ನ ಮಾತಿನಲ್ಲಿ ಪಟಪಟನೆ ಏನೇನೋ ಅಂದಳು. ರೇಟೋಗೆ ಒಂದೂ ತಿಳಿಯಲಿಲ್ಲ.

"ಅಕ್ಕ... ನಿಧಾನ. ನಾನು ಥಾಯ್... ಸ್ವಲ್ಪ."

ಬುವಾಖಾಮ್ ಬಟ್ಟೆ ಕೈಬಿಟ್ಟಳು. ಅವನ ಬಾಯಲ್ಲಿ 'ಅಕ್ಕ' ಎನ್ನುವುದನ್ನು ಅವಳು ಕೇಳಿದ್ದು ಇದೇ ಮೊದಲು. ಆದರೂ ಸೋಲಲಿಲ್ಲ. ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಥಾಯ್‌ನಲ್ಲಿ ಹೇಳಿದಳು: "ನಿಮ್ಮ ಮನೇಲಿ ನಿಮ್ಮ ಮಾತು. ನನ್ನ ಮನೇಲಿ ನನ್ನ ಮಾತು. ಈಗ ತಿಳೀತಾ?"

"ತಿಳೀತು," ಎಂದ ರೇಟೋ. ನೆಲದ ಮೇಲೆ ಮಂಡಿಯೂರಿ ಕೈಮುಗಿದ. "ಸೂಮಾ, ಅಕ್ಕ."

ಅವಳು ತಟ್ಟನೆ ಆಚೀಚೆ ನೋಡಿದಳು. "ಏಳಪ್ಪ, ಏಳು. ನೆರೆಮನೆಯವ್ರು ನೋಡಿದ್ರೆ ನಾನೇ ಹೊಡೆದೆ ಅಂದ್ಕೋತಾರೆ." ಲೋಟದಲ್ಲಿ ನೀರು ತಂದುಕೊಟ್ಟಳು.

ನೀರು ಕುಡಿದು ಅವನು ತಡವರಿಸುತ್ತ ಕೇಳಿದ. "ಆ ದಿನ... ನಗು... ನನ್ನ ಬಗ್ಗೆ?"

"ನಿನ್ನ ಬಗ್ಗೇನೇ. ಇನ್ಯಾರ ಬಗ್ಗೆ? ನೀನು ಹಲ್ಲಿ ಓಡಿಸೋಕೆ ಹೋಗಿ ಅದರ ಬಾಲ ಉದುರಿತಂತೆ. ಅದಕ್ಕೆ ನೀನು ಬಾಲದ ಮುಂದೆ ಕೂತು ಕಣ್ಣೀರು ಹಾಕಿದ್ಯಂತೆ. 'ನನ್ನ ಗಂಡನ ಎದೆ ಬೆಣ್ಣೆ ಕಣಕ್ಕಾ' ಅಂತಿದ್ಳು. ಅಷ್ಟರಲ್ಲಿ ಬೆಣ್ಣೆ ಮೇಜು ಗುದ್ದಿತು."

ಅವಳು ಕೈ ಅಭಿನಯ ಮಾಡುತ್ತ ಎರಡು ಸಲ ಹೇಳಿದ ಮೇಲೆ ರೇಟೋಗೆ ಅರ್ಥವಾಯಿತು. ಅವಳು ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

"ಪಿಂಪಾ... ಪಿಕ್ ಬಾನ್. ಎಲ್ಲಿ?"

"ಇಲ್ಲಿ," ಎಂದು ಬುವಾಖಾಮ್ ನೀಲಿ ಬೆರಳಿನಿಂದ ಹೊಸ್ತಿಲು ತೋರಿಸಿದಳು. "ಇದು ನಮ್ಮಮ್ಮನ ಮನೆ. ಇನ್ನೆಲ್ಲಿ?"

ಆ ವಾರವೇ ಪಿಂಪಾಳನ್ನು ಅಲ್ಲಿಗೆ ಕರೆತಂದರು. ಅಕ್ಕ ಅಂಟಕ್ಕಿಯ ಅನ್ನವನ್ನು ಉಂಡೆಮಾಡಿ, ಸುಟ್ಟ ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ತಂಗಿಯ ಬಾಯಿಗಿಡುತ್ತಿದ್ದಳು. ಪಿಂಪಾಳ ಮಾತು ದಿನದಿನಕ್ಕೆ ಹದವಾಯಿತು. ಇಬ್ಬರೂ ಮತ್ತೆ ನಕ್ಕರು. ರೇಟೋ ಚಾಪೆಯ ಅಂಚಿನಲ್ಲಿ ಕುಳಿತು ಅಲ್ಲೊಂದು ಇಲ್ಲೊಂದು ಪದ ಹೆಕ್ಕುತ್ತಿದ್ದ. ಯಾರೂ ತಿಳಿಸಿ ಹೇಳುತ್ತಿರಲಿಲ್ಲ. ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ತನ್ನ ತಾಯಿಯ ಊಟದ ಮೇಜಿನ ಬಳಿ, ಹೊಸದಾಗಿ ಮದುವೆಯಾಗಿ ಬಂದಿದ್ದ ಪಿಂಪಾ ಹೀಗೇ ಅಂಚಿನಲ್ಲಿ ನಗುಮುಖ ಇಟ್ಟುಕೊಂಡು ಕೂತಿರುತ್ತಿದ್ದಳು. ಆಗ ಅವನು, "ಬೇಗ ಕಲಿ," ಎಂದಿದ್ದ. ಅಷ್ಟು ಬಿಟ್ಟು ಬೇರೇನೂ ಹೇಳಿರಲಿಲ್ಲ.

ಒಂದು ಸಂಜೆ ಬಾಗಿಲ ಬಳಿ ಹೆಂಡತಿಯ ಎದುರು ಕುಳಿತು ಅವನು, "ಸೂಮಾ, ಪಿಂಪಾ," ಎಂದ. ಅವಳು ಬೀದಿಯ ಕಡೆ ನೋಡಿದಳು. ತಾನು ಮೇಜು ಗುದ್ದಿದ್ದು ಅವಳಿಗೆ ನೆನಪಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮರುದಿನ ಮತ್ತೆ ಹೇಳಿದ. ಅದರ ಮರುದಿನವೂ ಹೇಳಿದ.

ಕೊನೆಗೆ ಪಿಂಪಾ ಸಿಡುಕಿದಳು. ಅವನಿಗೆ ತಿಳಿಯಲೆಂದೇ ನಿಧಾನವಾಗಿ, ಒಂದೊಂದೇ ಪದ ಹುಡುಕಿ ಹೇಳಿದಳು: "ಎಷ್ಟು ಸಲ ಹೇಳ್ತೀಯ? ಕೇಳಿಸ್ತು. ಮರೆಯೋಕೆ ನನಗೂ ಟೈಮ್ ಬೇಕು. ಆ ಕಡೆ ಸರಿ, ಗಾಳಿ ಬರ್ಲಿ."

ರೇಟೋ ಸರಿದು ಕುಳಿತ.